ನಮ್ಮ ಎಂ.ಪಿ. ದಿಲ್ಲಿಯಲ್ಲಿ ಏನಂದರು?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಓಟಿನ ಕಾಲದಲ್ಲಿ ನಮ್ಮ ಕೇರಿಗೆ ಬರುವ ಉಮೇದುವಾರರು ಏನೇನು ಹೇಳ್ತಾರೆ ಅನ್ನೋದು ನಮಗೆಲ್ಲ ಬಾಯಿಪಾಠ. ರಸ್ತೆ ಮಾಡಿಸ್ತೀನಿ ಅಂತಾರೆ. ಸಮುದಾಯ ಭವನ ಕಟ್ಟಿಸ್ತೀನಿ ಅಂತಾರೆ. ಬಾಬಾಸಾಹೇಬರ ಫೋಟೋಗೆ ಹಾರ ಹಾಕ್ತಾರೆ, ನಮ್ಮಜ್ಜಿಯರ ಕಾಲು ಮುಟ್ತಾರೆ. ಗೆದ್ದ ಮೇಲೆ ಅವರನ್ನು ದಿಲ್ಲಿಗೆ ಕಳಿಸ್ತೀವಿ. ಅಲ್ಲಿಗೆ ನಮ್ಮ ಕಣ್ಣು ಕಿವಿ ಎರಡೂ ಮುಚ್ಚಿಹೋಗುತ್ತವೆ. ಐದು ವರ್ಷ ಆ ಸಭೆಯಲ್ಲಿ ಕೂತು ಅವರು ಏನಂದರು, ಯಾವಾಗ ಎದ್ದು ನಿಂತರು, ಯಾವಾಗ ಬಾಯಿ ಮುಚ್ಚಿಕೊಂಡರು, ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಮ್ಮ ತಾತಂದಿರು ಬೇರೆಯವರು ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆ ಕಾಗದದಲ್ಲಿ ಹತ್ತು ರೂಪಾಯಿ ನೂರಾಗಿದ್ದು, ಒಂದು ವರ್ಷದ ಜೀತ ಒಂದು ತಲೆಮಾರಿನ ಜೀತವಾಗಿದ್ದು ಅವರಿಗೆ ತಿಳಿಯಲಿಲ್ಲ. ಅವರಿಗೆ ಓದೋಕೆ ಬರ್ತಿರಲಿಲ್ಲ. ನಮಗೆ ಬರುತ್ತೆ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದು ಆಮೇಲೆ ಕಾಗದವನ್ನೇ ಓದದೆ ಇದ್ದರೆ, ಅಕ್ಷರ ಕಲಿತೂ ಹೆಬ್ಬೆಟ್ಟೇ ಒತ್ತಿದಂಗಾಯ್ತು.

ಆದ್ದರಿಂದ ಇವತ್ತು ನಾನು ಹೇಳೋದು ಇಷ್ಟೆ. ನಮ್ಮ ಎಂ.ಪಿ. ಸಭೆಯಲ್ಲಿ ಆಡಿದ ಮಾತನ್ನು ನಾವೇ ಹುಡುಕಿ ಓದಬೇಕು. ಎಷ್ಟು ಮಾತಾಡಿದರು ಅಂತ ಎಣಿಸಿದರೆ ಸಾಲದು. ಏನು ಮಾತಾಡಿದರು, ಯಾವ ಪದ ಬಳಸಿದರು, ಅದಕ್ಕೆ ಸರ್ಕಾರ ಯಾವ ಪದದಲ್ಲಿ ಉತ್ತರ ಕೊಟ್ಟಿತು ಅಂತ ನೋಡಬೇಕು.

ಇದು ಎಲ್ಲ ಓಟುದಾರರ ಕೆಲಸ, ನಮಗೇ ಯಾಕೆ ಅಂತ ನೀವು ಕೇಳಬಹುದು. ಯಾಕೆ ಅಂತ ಹೇಳ್ತೀನಿ. ಲೋಕಸಭೆಯಲ್ಲಿ 543 ಚುನಾಯಿತ ಸ್ಥಾನ. ಅದರಲ್ಲಿ 84 ಪರಿಶಿಷ್ಟ ಜಾತಿಗೆ, 47 ಪರಿಶಿಷ್ಟ ಪಂಗಡಕ್ಕೆ ಮೀಸಲು. ನಮ್ಮ ಕರ್ನಾಟಕದ 28ರಲ್ಲಿ ಬಿಜಾಪುರ, ಗುಲ್ಬರ್ಗ, ಚಿತ್ರದುರ್ಗ, ಕೋಲಾರ, ಚಾಮರಾಜನಗರ ಪರಿಶಿಷ್ಟ ಜಾತಿಗೆ. ರಾಯಚೂರು, ಬಳ್ಳಾರಿ ಪರಿಶಿಷ್ಟ ಪಂಗಡಕ್ಕೆ. ಈ ಸ್ಥಾನಗಳು ಯಾರೋ ಕರುಣೆಯಿಂದ ಕೊಟ್ಟ ಭಿಕ್ಷೆ ಅಲ್ಲ. ಬಾಬಾಸಾಹೇಬರು ಗಳಿಸಿದ್ದು ಪ್ರತ್ಯೇಕ ಮತದಾನದ ಹಕ್ಕು. ಗಾಂಧಿಯವರ ಉಪವಾಸದ ಒತ್ತಡದಲ್ಲಿ, 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದದಲ್ಲಿ, ಆ ಹಕ್ಕು ಹೋಗಿ ಜಂಟಿ ಮತದಾನ ಬಂತು. ಅಂದರೆ ಸೀಟು ನಮ್ಮದು, ಆ ಸೀಟಿನಲ್ಲಿ ಕೂರೋರನ್ನು ಆರಿಸೋರು ಎಲ್ಲ ಜಾತಿಯವರು. ಟಿಕೆಟ್ ಕೊಡೋದು ಪಕ್ಷ. ಹೀಗಾಗಿ ನಮ್ಮ ಮೀಸಲು ಎಂ.ಪಿ.ಯ ನಾಲಗೆಗೆ ಮೂರು ಹಗ್ಗ ಕಟ್ಟಿದೆ. ಒಂದು ಪಕ್ಷದ ಕೈಯಲ್ಲಿ, ಒಂದು ಊರಿನ ದೊಡ್ಡವರ ಕೈಯಲ್ಲಿ, ಒಂದು ನಮ್ಮ ಕೈಯಲ್ಲಿ. ಮೊದಲಿನ ಎರಡನ್ನು ಹಿಡಿದವರು ದಿನಾ ಜಗ್ಗುತ್ತಾರೆ. ನಮ್ಮದು ಮಾತ್ರ ನೆಲದ ಮೇಲೆ ಬಿದ್ದಿದೆ. ಅದನ್ನು ಎತ್ತಿಕೊಳ್ಳುವವರು ಯಾರು? ಓದಿದ ನಾವಲ್ಲದೆ ಮತ್ಯಾರು?

ಸಂವಿಧಾನದ 105ನೇ ವಿಧಿಯನ್ನೂ ಮರೆಯಬಾರದು. ಸಂಸತ್ತಿನೊಳಗೆ ಆಡಿದ ಮಾತಿಗಾಗಿ ಯಾವ ಎಂ.ಪಿ. ಮೇಲೂ ಕೋರ್ಟಿನಲ್ಲಿ ಕೇಸು ನಡೆಯೋದಿಲ್ಲ. ನಾವು ಊರಿನ ಚಾವಡಿ ಮುಂದೆ ನಿಂತು ಒಂದು ನಿಜ ಹೇಳಿದರೆ ಬಹಿಷ್ಕಾರ ಬೀಳಬಹುದು, ಕೂಲಿ ತಪ್ಪಬಹುದು, ಏಟೂ ಬೀಳಬಹುದು. ಅದೇ ನಿಜವನ್ನು ಕೋರ್ಟಿನ ಭಯವಿಲ್ಲದೆ ಹೇಳುವ ಹಕ್ಕಿರೋ ಜಾಗ ಅದು. ಅಷ್ಟು ಭದ್ರವಾದ ಜಾಗದಲ್ಲಿ ನಿಂತೂ ಮಾತಾಡದೆ ಇದ್ದರೆ, ಆ ಮೌನದ ಲೆಕ್ಕ ಕೇಳಲೇಬೇಕು.

ಈಗ ಅವರ ಮಾತು ಎಲ್ಲಿ ಸಿಗುತ್ತೆ ಅನ್ನೋದು. ಸಭೆಯ ನಡಾವಳಿ ಪದಪದವೂ ದಾಖಲಾಗುತ್ತೆ, ಪ್ರಕಟವಾಗುತ್ತೆ. ಹಿಂದೆ ದೊಡ್ಡ ಲೈಬ್ರರಿಗೆ ಹೋಗಿ ದಪ್ಪ ಸಂಪುಟ ತೆಗೆಯಬೇಕಿತ್ತು. ಈಗ ನಿಮ್ಮ ಜೇಬಿನ ಮೊಬೈಲಿನಲ್ಲೇ ಬರುತ್ತೆ. ಸದಸ್ಯರ ಹೆಸರು ಹಾಕಿ ಹುಡುಕಿದರೆ ಅವರು ಕೇಳಿದ ಪ್ರಶ್ನೆ, ಮಾಡಿದ ಭಾಷಣ ಎಲ್ಲ ಸಿಗುತ್ತೆ. ಸಿನಿಮಾ ಹಾಡು ಹುಡುಕುವ ಬೆರಳಿಗೆ ಇದೇನು ಕಷ್ಟ ಅಲ್ಲ.

ಮೊದಲು ನೋಡಬೇಕಾದ್ದು ಪ್ರಶ್ನೆಗಳು. ಲೋಕಸಭೆ ಬೆಳಗ್ಗೆ 11ಕ್ಕೆ ಸೇರಿದ ಕೂಡಲೆ ಮೊದಲ ಗಂಟೆ ಪ್ರಶ್ನೋತ್ತರದ್ದು. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20. ಅದಕ್ಕೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಹೇಳಬೇಕು, ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆ ದಿನಕ್ಕೆ 230. ಅದಕ್ಕೆ ಬರವಣಿಗೆಯ ಉತ್ತರ. ಕನಿಷ್ಠ ಪೂರ್ತಿ 15 ದಿನ ಮುಂಚೆ ನೋಟೀಸು ಕೊಡಬೇಕು, ಚೀಟಿ ಎತ್ತಿ ಸರದಿ ಗೊತ್ತು ಮಾಡ್ತಾರೆ. ಆಮೇಲೆ ಶೂನ್ಯವೇಳೆ. ಅವತ್ತಿನ ತುರ್ತು ಸಂಗತಿಯನ್ನು ಎತ್ತೋದಕ್ಕೆ. 377ನೇ ನಿಯಮದಡಿ ತಮ್ಮ ಕ್ಷೇತ್ರದ ಸಂಗತಿಯನ್ನು ಬರೆದು ಓದಬಹುದು. ಆಮೇಲೆ ಬಜೆಟ್ಟು, ಮಸೂದೆ ಇವುಗಳ ಮೇಲಿನ ಚರ್ಚೆ. ಶುಕ್ರವಾರ ಮಧ್ಯಾಹ್ನ ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸದಸ್ಯರು ತಾವೇ ಬರೆದು ತರುವ ಕಾನೂನು. ಸ್ವಾತಂತ್ರ್ಯ ಬಂದಾಗಿಂದ ಇಂಥ ಮಸೂದೆ ಕಾನೂನಾಗಿದ್ದು ಬರೀ 14, ಕೊನೆಯದು 1970ರಲ್ಲಿ. ಆದರೂ ಒಬ್ಬ ಸದಸ್ಯರು ಯಾವ ಮಸೂದೆ ತಂದರು ಅನ್ನೋದರಲ್ಲಿ ಅವರ ಮನಸ್ಸು ಕಾಣುತ್ತೆ.

ಹಂಗಾದರೆ ಓಟು? ಮಸೂದೆಗೆ ನಮ್ಮ ಎಂ.ಪಿ. ಹೂಂ ಅಂದರಾ, ಉಹೂಂ ಅಂದರಾ? ಅದನ್ನು ನೋಡಿದರೆ ಸಾಕಲ್ಲ? ಅಲ್ಲೇ ಇರೋದು ತೊಡಕು. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಹೂಂ ಅನ್ನೋರ ಸದ್ದು ಜಾಸ್ತಿ ಅಂತ ಪೀಠದಲ್ಲಿರೋರು ಹೇಳಿದರೆ ಮುಗೀತು. ಯಾರು ಏನಂದರು ಅಂತ ಹೆಸರು ದಾಖಲಾಗೋದಿಲ್ಲ. ಮತವಿಭಜನೆ ಕೇಳಿದಾಗ ಮಾತ್ರ ಎಣಿಕೆ. ಅದೂ ಅಲ್ಲದೆ 1985ರ ಪಕ್ಷಾಂತರ ನಿಷೇಧದ ತಿದ್ದುಪಡಿ ಬಂದ ಮೇಲೆ, ಪಕ್ಷ ಕೊಟ್ಟ ವಿಪ್ ಮೀರಿ ಓಟು ಹಾಕಿದವರ ಸ್ಥಾನವೇ ಹೋಗಬಹುದು. ಆದ್ದರಿಂದ ಓಟಿನಲ್ಲಿ ಕಾಣೋದು ಪಕ್ಷದ ಮುಖ. ಆದರೆ ಪ್ರಶ್ನೆ ಕೇಳೋದಕ್ಕೆ ವಿಪ್ ಇಲ್ಲ. ಪ್ರಶ್ನೆಯ ನೋಟೀಸಿಗೆ ರುಜು ಹಾಕೋದು ಆ ಮನುಷ್ಯರೇ. ಅವರ ಸ್ವಂತ ಮುಖ ಕಾಣೋದು ಅಲ್ಲಿ.

ಈ ಮಾತುಗಳನ್ನು ಎಣಿಸಿ ಪಟ್ಟಿ ಮಾಡೋರೂ ಇದ್ದಾರೆ. 2005ರಲ್ಲಿ ಶುರುವಾದ ಪಿ.ಆರ್.ಎಸ್. ಎಂಬ ಸಂಸ್ಥೆ ಪ್ರತಿ ಎಂ.ಪಿ.ಯ ಹಾಜರಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆ ಲೆಕ್ಕ ಇಡುತ್ತೆ. ಒಳ್ಳೆಯ ಕೆಲಸ. ನಮ್ಮ ಕೆಲಸ ಅಲ್ಲಿಂದ ಶುರು ಮಾಡಬಹುದು, ಅಲ್ಲಿಗೇ ಮುಗಿಸಬಾರದು. ಯಾಕಂದ್ರೆ ಅಂಕಿಯ ಒಳಗೆ ಹಳ್ಳಗಳಿವೆ.

ಹಾಜರಿ ನೋಡಿ. ಅಲ್ಲಿ ಬಂದು ಹಾಜರಿ ಹಾಕಿದರೆ ಆ ದಿನ ಹಾಜರು. ಎಷ್ಟು ಹೊತ್ತು ಕೂತಿದ್ದರು ಅನ್ನೋದು ಅದರಲ್ಲಿ ಇಲ್ಲ. ಮಂತ್ರಿಗಳು ಆ ಹಾಜರಿ ಹಾಕೋದಿಲ್ಲ, ಪ್ರಶ್ನೆಯನ್ನೂ ಕೇಳೋದಿಲ್ಲ, ಅವರು ಉತ್ತರ ಕೊಡೋ ಕಡೆಯವರು. ನಿಮ್ಮ ಎಂ.ಪಿ. ಮಂತ್ರಿಯಾಗಿದ್ದರೆ ಪ್ರಶ್ನೆ ಸೊನ್ನೆ ಅಂತ ಬೈಯಬೇಡಿ, ಅವರು ಕೊಟ್ಟ ಉತ್ತರ ಓದಿ. ಚರ್ಚೆಯಲ್ಲಿ ಸಮಯ ಹಂಚೋದು ಪಕ್ಷದ ಬಲ ನೋಡಿ. ಸಣ್ಣ ಪಕ್ಷದವರು ಎದ್ದು ನಿಂತು ಉಸಿರು ತಗೊಳ್ಳೋದರೊಳಗೆ ಗಂಟೆ ಬಾರಿಸ್ತಾರೆ. ಇನ್ನು ಕೆಲವು ಭಾಷಣ ಬಾಯಲ್ಲಿ ಆಡಿದ್ದೇ ಅಲ್ಲ. ಬರೆದು ತಂದು ಸಭೆಯ ಮೇಜಿನ ಮೇಲೆ ಇಟ್ಟದ್ದು. ನಡಾವಳಿಯಲ್ಲಿ ಹಂಗಂತ ಗುರುತು ಇರುತ್ತೆ, ನೋಡಿಕೊಳ್ಳಿ. ಒಬ್ಬರು ಮುನ್ನೂರು ಪ್ರಶ್ನೆ ಕೇಳಿರಬಹುದು, ಮುನ್ನೂರರಲ್ಲಿ ಒಂದೂ ನಮ್ಮ ಕೇರಿಯದ್ದು ಇಲ್ಲದಿರಬಹುದು. ಇನ್ನೊಬ್ಬರು ಹತ್ತೇ ಕೇಳಿರಬಹುದು, ಹತ್ತೂ ಸುಡುವಂಥವಾಗಿರಬಹುದು.

ಸಭೆಯೇ ಸೇರದಿದ್ದರೆ ಯಾರು ತಾನೆ ಮಾತಾಡ್ತಾರೆ? 1952ರಿಂದ 57ರ ಮೊದಲ ಲೋಕಸಭೆ 677 ದಿನ ಸೇರಿತ್ತು. 2019ರಿಂದ 24ರ ಹದಿನೇಳನೇ ಲೋಕಸಭೆ ಸೇರಿದ್ದು 274 ದಿನ. ಪೂರ್ತಿ ಅವಧಿ ಮುಗಿಸಿದ ಸಭೆಗಳಲ್ಲಿ ಅದೇ ಕಡಿಮೆ. ಪಿ.ಆರ್.ಎಸ್. ಲೆಕ್ಕದ ಪ್ರಕಾರ ಆ ಲೋಕಸಭೆಯಲ್ಲಿ ನೂರಕ್ಕೆ 35 ಮಸೂದೆಗಳು ಒಂದು ಗಂಟೆಯೂ ಚರ್ಚೆಯಾಗದೆ ಪಾಸಾದವು. ನಮ್ಮೂರಲ್ಲಿ ಒಂದು ಕುರಿ ಕೊಳ್ಳೋಕೆ ಅದಕ್ಕಿಂತ ಹೆಚ್ಚು ಹೊತ್ತು ಮಾತಾಡ್ತಾರೆ. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೊರೋನಾ ಅಂತ ಪ್ರಶ್ನೋತ್ತರ ಗಂಟೆಯನ್ನೇ ಕೈಬಿಟ್ಟರು. ಬರವಣಿಗೆಯ ಉತ್ತರ ಮಾತ್ರ ಉಳಿಯಿತು.

ಅಂಕಿಯಲ್ಲಿ ಕಾಣದ, ಓದಿದರೆ ಮಾತ್ರ ಕಾಣುವ ಸಂಗತಿ ಯಾವುದು? ಅದಕ್ಕೆ ಒಂದು ಉದಾಹರಣೆ ಹೇಳ್ತೀನಿ. ದಯವಿಟ್ಟು ಗಮನ ಕೊಟ್ಟು ಕೇಳಿ.

2021ರ ಆರಂಭದಲ್ಲಿ ಲೋಕಸಭೆಗೆ ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆ ಒಂದು ಉತ್ತರ ಕೊಟ್ಟಿತು. 2020ರ ಡಿಸೆಂಬರ್ 31ರವರೆಗಿನ ಐದು ವರ್ಷದಲ್ಲಿ ಒಳಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ 340 ಜನ ಸತ್ತಿದ್ದಾರೆ ಅಂತ. ಅದೇ ವರ್ಷ ಜುಲೈನಲ್ಲಿ ರಾಜ್ಯಸಭೆಯಲ್ಲಿ ಅದೇ ಇಲಾಖೆಯಿಂದ ಇನ್ನೊಂದು ಉತ್ತರ ಬಂತು. ಕೈಯಿಂದ ಮಲ ಬಾಚುವ ಕೆಲಸದಿಂದ ಯಾವ ಸಾವೂ ವರದಿಯಾಗಿಲ್ಲ ಅಂತ. ಒಂದೇ ಇಲಾಖೆ, ಒಂದೇ ವರ್ಷ. ಒಂದು ಕಾಗದದಲ್ಲಿ 340 ಹೆಣ, ಇನ್ನೊಂದು ಕಾಗದದಲ್ಲಿ ಒಂದೂ ಇಲ್ಲ.

ಹೆಣಗಳು ಎಲ್ಲಿ ಹೋದವು? ಪದಗಳ ನಡುವೆ ಹೋದವು. ಮಲ ಬಾಚುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸಿದ 2013ರ ಕಾಯಿದೆಯ ಎರಡನೇ ಸೆಕ್ಷನ್ನಿನಲ್ಲಿ ಎರಡು ಬೇರೆ ಬೇರೆ ವ್ಯಾಖ್ಯೆ ಇದೆ. ಕೈಯಿಂದ ಮಲ ಬಾಚುವವರು ಯಾರು ಅನ್ನೋದು ಒಂದು. ರಕ್ಷಣೆಯ ಸಾಮಾನಿಲ್ಲದೆ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವ ಅಪಾಯಕಾರಿ ಶುಚಿಕೆಲಸ ಯಾವುದು ಅನ್ನೋದು ಇನ್ನೊಂದು. ಮ್ಯಾನ್‌ಹೋಲಿನಲ್ಲಿ ಉಸಿರು ಕಟ್ಟಿ ಸತ್ತವನನ್ನು ಎರಡನೇ ಕಲಮಿಗೆ ಬರೆದುಬಿಟ್ಟರೆ ಮೊದಲನೇ ಕಲಮು ಖಾಲಿ. ಸುಳ್ಳು ಅಂತ ಹೇಳೋಕೆ ಆಗೋದಿಲ್ಲ. ಆದರೆ ಆ ಗುಂಡಿಗೆ ಇಳಿದವನು ಯಾವ ಜಾತಿಯವನು ಅಂತ ಕೇಳಿ, ಎರಡೂ ಕಲಮಿನಲ್ಲಿ ಒಂದೇ ಉತ್ತರ ಬರುತ್ತೆ. ಅವನ ಹೆಂಡತಿಗೆ ಯಾವ ಕಲಮಿನಲ್ಲಿ ಗಂಡ ಸತ್ತ ಅನ್ನೋದು ಬೇಕಿಲ್ಲ.

ಇನ್ನೂ ಒಂದು ಸಂಗತಿ ಇದೆ. ಜುಲೈನಲ್ಲಿ ಆ ಪ್ರಶ್ನೆ ಕೇಳಿದವರು ನಮ್ಮ ಕರ್ನಾಟಕದ ಮಲ್ಲಿಕಾರ್ಜುನ ಖರ್ಗೆ ಮತ್ತು ಎಲ್. ಹನುಮಂತಯ್ಯ. ಹನುಮಂತಯ್ಯನವರು ಕನ್ನಡದ ದಲಿತ ಕವಿ. ಉತ್ತರ ಕೊಟ್ಟ ಮಂತ್ರಿ ರಾಮದಾಸ್ ಅಠಾವಳೆ, ಮಹಾರಾಷ್ಟ್ರದ ದಲಿತ ಪ್ಯಾಂಥರ್ ಚಳವಳಿಯಿಂದ ಬಂದವರು. ಕೇಳಿದವರೂ ನಮ್ಮವರು, ಉತ್ತರ ಕೊಟ್ಟವರೂ ನಮ್ಮವರು. ನಮ್ಮವರು ಅಲ್ಲಿ ಕೂತರೆ ಸಾಕು ಅಂತ ನಾವು ಅಂದುಕೊಂಡಿದ್ದೆವು. ಸಾಲದು ಗೆಳೆಯರೆ. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನೋದರ ಜೊತೆಗೆ, ಮುಂದಿರುವ ಕಾಗದದಲ್ಲಿ ಏನು ಬರೆದಿದೆ, ಅದನ್ನು ಬರೆದ ಅಧಿಕಾರಿ ಯಾವ ಪದ ಆರಿಸಿಕೊಂಡ ಅನ್ನೋದನ್ನೂ ನೋಡಬೇಕು. ಆದರೂ ಆ ಪ್ರಶ್ನೆ ವ್ಯರ್ಥವಾಗಲಿಲ್ಲ. ಕೇಳಿದ್ದಕ್ಕೇ ಆ ಉತ್ತರ ದಾಖಲೆಗೆ ಬಂತು, ದೇಶದ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕೇಳದೆ ಇದ್ದಿದ್ದರೆ ಆ ಎರಡು ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡೋಕೆ ನಮಗೆ ಆಗ್ತಿರಲಿಲ್ಲ. ಪ್ರಶ್ನೆ ಕೇಳಿದ್ದಾರೆ, ಸಂಖ್ಯೆ ಒಂದು ಅಂತ ಪಟ್ಟಿಯಲ್ಲಿ ಗೀಟು ಹಾಕಿದವನಿಗೆ ಇದೆಲ್ಲ ಕಾಣೋದಿಲ್ಲ. ಓದಿದವನಿಗೆ ಕಾಣುತ್ತೆ.

ಇನ್ನು ಭಾಷೆಯ ನೆಪ. ನಮ್ಮ ಎಂ.ಪಿ.ಗೆ ಹಿಂದಿ ಬರಲ್ಲ, ಇಂಗ್ಲಿಷು ಬರಲ್ಲ, ಪಾಪ ಏನು ಮಾತಾಡ್ತಾರೆ ಅಂತ ಕೆಲವರು ಅಂತಾರೆ. ಆ ಪಾಪ ಬೇಕಿಲ್ಲ. ಸಂವಿಧಾನದ 120ನೇ ವಿಧಿಯಲ್ಲೇ ದಾರಿ ಇದೆ. ಹಿಂದಿ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳೋಕೆ ಬಾರದವರಿಗೆ ಮಾತೃಭಾಷೆಯಲ್ಲಿ ಮಾತಾಡಲು ಪೀಠ ಅನುಮತಿ ಕೊಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು. ಈಗಂತೂ ಕನ್ನಡದಿಂದ ಅನುವಾದ ಮಾಡೋರು ಅಲ್ಲೇ ಇದ್ದಾರೆ. ಕೇರಿಯಲ್ಲಿ ಓಟು ಕೇಳೋಕೆ ಸಾಕಾದ ಕನ್ನಡ, ಕೇರಿಯ ಕಷ್ಟ ಹೇಳೋಕೆ ಸಾಲದಾ?

ಬಾಬಾಸಾಹೇಬರ ಹೆಸರು ಹೇಳುವ ನಾವು, ಅವರು ಸಭೆಯನ್ನು ಹೇಗೆ ಬಳಸಿದರು ಅನ್ನೋದನ್ನೂ ತಿಳಿಯಬೇಕು. 1937ರ ಸೆಪ್ಟೆಂಬರ್‌ನಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಅವರು ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ಮಂಡಿಸಿದರು. ಕೊಂಕಣದಲ್ಲಿ ರೈತನಿಗೂ ಸರ್ಕಾರಕ್ಕೂ ನಡುವೆ ನಿಂತು ಹಿಂಡುತ್ತಿದ್ದವರು ಖೋತರು. ಮಸೂದೆ ತಂದು ಸುಮ್ಮನೆ ಕೂರಲಿಲ್ಲ. 1938ರ ಜನವರಿಯಲ್ಲಿ ಸಾವಿರಾರು ರೈತರು ಬೊಂಬಾಯಿಗೆ ಮೆರವಣಿಗೆ ಬಂದರು, ಅವರ ಮುಂದೆ ಬಾಬಾಸಾಹೇಬರು ನಿಂತರು. ಒಳಗೆ ಮಸೂದೆ, ಹೊರಗೆ ಜನ. ಅವರು ಅಲ್ಲಿ ಆಡಿದ ಮಾತುಗಳು ದಾಖಲಾಗಿದ್ದರಿಂದ, ಮಹಾರಾಷ್ಟ್ರ ಸರ್ಕಾರ 1979ರಿಂದ ಹೊರತಂದ ಸಂಪುಟಗಳಲ್ಲಿ ಅವನ್ನು ಇವತ್ತು ನಾವು ಓದಬಹುದು.

ದಾಖಲೆಯಲ್ಲಿ ಇಲ್ಲದ್ದೂ ಒಂದಿದೆ. ಹಿಂದೂ ಸಂಹಿತೆಯ ಮಸೂದೆ ಕೈಬಿಟ್ಟಾಗ 1951ರ ಸೆಪ್ಟೆಂಬರ್‌ನಲ್ಲಿ ಬಾಬಾಸಾಹೇಬರು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅಕ್ಟೋಬರ್‌ನಲ್ಲಿ ಸಭೆಗೆ ಕಾರಣ ಹೇಳಲು ಬಂದಾಗ, ಹೇಳಿಕೆಯ ಪ್ರತಿಯನ್ನು ಮೊದಲು ಕೊಡಬೇಕು ಅಂತ ಪೀಠ ಕೇಳಿತು. ಅವರು ಒಪ್ಪಲಿಲ್ಲ. ಹೊರಗೆ ನಡೆದು ಬಂದು ಆ ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಟ್ಟರು. ಪರಿಶಿಷ್ಟ ಜಾತಿಗಳನ್ನು ಸರ್ಕಾರ ಕಡೆಗಣಿಸಿದ್ದನ್ನೂ ಅದರಲ್ಲಿ ಬರೆದಿದ್ದರು. ಅಂದರೆ ಸಭೆಯಲ್ಲಿ ಆಡಲು ಬಿಡದ ಮಾತನ್ನು ಹುಡುಕೋದೂ ನಮ್ಮ ಕೆಲಸವೇ. ಇವತ್ತಿಗೂ 380ನೇ ನಿಯಮದಡಿ ಸಭಾಧ್ಯಕ್ಷರು ಕೆಲವು ಪದಗಳನ್ನು ಕಡತದಿಂದ ತೆಗೆಸಬಹುದು. ಓದುವಾಗ ನಕ್ಷತ್ರದ ಗುರುತು ಕಂಡರೆ ನಿಂತುಕೊಳ್ಳಿ. ಅವತ್ತಿನ ಪತ್ರಿಕೆ ತೆಗೆದು ನೋಡಿ.

ಈಗ ಕೆಲಸದ ಮಾತು.

ಪ್ರತಿ ಹಾಸ್ಟೆಲಿನಲ್ಲಿ ಒಂದು ನೋಟ್‌ಬುಕ್ ಇಡಿ. ನಿಮ್ಮ ಕ್ಷೇತ್ರದ ಎಂ.ಪಿ. ಹೆಸರು ಬರೆಯಿರಿ. ಮೀಸಲು ಕ್ಷೇತ್ರ ಅಲ್ಲದಿದ್ದರೂ ಬರೆಯಿರಿ, ನಮ್ಮ ಓಟು ಎಲ್ಲ ಕ್ಷೇತ್ರದಲ್ಲೂ ಇದೆ. ಐದು ಕಲಮು ಎಳೆಯಿರಿ. ತಾರೀಖು, ಎಲ್ಲಿ ಮಾತಾಡಿದರು, ಪ್ರಶ್ನೆಯಲ್ಲೋ ಶೂನ್ಯವೇಳೆಯಲ್ಲೋ ಚರ್ಚೆಯಲ್ಲೋ, ಏನು ಕೇಳಿದರು, ಮಂತ್ರಿ ಏನಂದರು, ಕೇಳದೆ ಬಿಟ್ಟದ್ದು ಏನು. ಮಂತ್ರಿ "ಪರಿಶೀಲಿಸುತ್ತೇವೆ" ಅಂದಿದ್ದರೆ ಕೆಳಗೆ ಗೆರೆ ಎಳೆಯಿರಿ. ಸಭೆಯಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು ಅಂತ ಕ್ರಮ ಇದೆ, ಅದನ್ನು ನೋಡಿಕೊಳ್ಳೋಕೆ ಸರ್ಕಾರಿ ಭರವಸೆಗಳ ಸಮಿತಿಯೇ ಇದೆ. ಮೂರು ತಿಂಗಳಾದ ಮೇಲೆ ಏನಾಯ್ತು ಅಂತ ಎಂ.ಪಿ.ಗೆ ಕಾಗದ ಬರೆಯಿರಿ.

ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ. ಬಜೆಟ್, ಮುಂಗಾರು, ಚಳಿಗಾಲ. ಒಂದೊಂದಕ್ಕೂ ತಿಂಗಳು ಮೊದಲೇ ನಿಮ್ಮ ಪ್ರಶ್ನೆಯನ್ನು ನೀವೇ ಬರೆದು ಕಳಿಸಿ, ಇದನ್ನು ಕೇಳಿ ಅಂತ. ಯಾವ ಪ್ರಶ್ನೆ ಎಲ್ಲಿಗೆ ಅನ್ನೋದು ತಿಳಿದಿರಲಿ. ಹಾಸ್ಟೆಲಿನ ಮುದ್ದೆ, ನೀರು, ಹಾಸಿಗೆ ರಾಜ್ಯದ್ದು, ಅದನ್ನು ಎಂ.ಎಲ್.ಎ.ಗೆ ಕೇಳಿ. ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪಿನಲ್ಲಿ ಇಬ್ಬರ ಪಾಲೂ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ ಐದು ವರ್ಷದ ಲೆಕ್ಕದಲ್ಲಿ 59,048 ಕೋಟಿ ಒಪ್ಪಿತು. ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40 ಅಂತ ಗೊತ್ತು ಮಾಡಿತು. ದುಡ್ಡು ಬರದೆ ಇದ್ದಾಗ ಅವರು ಇವರ ಕಡೆ, ಇವರು ಅವರ ಕಡೆ ಕೈ ತೋರಿಸ್ತಾರೆ. ಆದ್ದರಿಂದ ಸ್ಕಾಲರ್‌ಶಿಪ್ ಬಂತಾ ಅಂತ ಕೇಳಬೇಡಿ. ಇಂಥ ವರ್ಷ, ಕರ್ನಾಟಕಕ್ಕೆ, ಕೇಂದ್ರದ ಪಾಲಿನಲ್ಲಿ ಎಷ್ಟು ಬಿಡುಗಡೆಯಾಯ್ತು, ಯಾವ ತಿಂಗಳು, ಎಷ್ಟು ವಿದ್ಯಾರ್ಥಿಗಳ ಖಾತೆಗೆ ಹೋಯ್ತು, ಎಷ್ಟು ಅರ್ಜಿ ಉಳಿದವು ಅಂತ ಕೇಳಿ. ಒಳಚರಂಡಿಯ ಸಾವು ಕೇಳುವಾಗ ಎರಡೂ ಪದ ಹಾಕಿ ಕೇಳಿ. ತಪ್ಪಿಸಿಕೊಳ್ಳೋಕೆ ಸಂದಿ ಬಿಡಬೇಡಿ.

ಒಂದು ಎಚ್ಚರಿಕೆ. ಬರೆಯುವಾಗ ಪ್ರಾಮಾಣಿಕವಾಗಿ ಬರೆಯಿರಿ. ನಮಗಾಗದ ಪಕ್ಷದವರು ಒಳ್ಳೆಯ ಪ್ರಶ್ನೆ ಕೇಳಿದ್ದರೆ ಅದನ್ನೂ ಬರೆಯಿರಿ. ನಮ್ಮ ಜಾತಿಯವರು ಸುಮ್ಮನಿದ್ದರೆ ಅದನ್ನೂ ಬರೆಯಿರಿ. ಮಾತಾಡಲು ಸಮಯ ಕೊಡಲಿಲ್ಲವೋ, ಮಾತಾಡಲೇ ಇಲ್ಲವೋ ವಿಚಾರಿಸದೆ ಮೌನ ಅಂತ ಬರೆಯಬೇಡಿ. ನಾವೂ ಸುಳ್ಳು ಲೆಕ್ಕ ಬರೆದರೆ, ನಮ್ಮ ನೋಟ್‌ಬುಕ್ಕಿಗೂ ಸಾಹುಕಾರನ ಸಾಲದ ಪುಸ್ತಕಕ್ಕೂ ಏನು ವ್ಯತ್ಯಾಸ?

ಅಧಿವೇಶನ ಮುಗಿದ ವಾರ ಆ ಪುಟಗಳನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ. ರಜೆಗೆ ಊರಿಗೆ ಹೋದಾಗ ಕೇರಿಯ ಕಟ್ಟೆ ಮೇಲೆ ಕೂತು ಓದಿ ಹೇಳಿ. ಅಕ್ಷರ ಬಾರದ ನಮ್ಮವ್ವಂದಿರು ಕೇಳಿಸಿಕೊಂಡು ಎಂಥ ಪ್ರಶ್ನೆ ಹಾಕ್ತಾರೆ ನೋಡಿ. "ಅಲ್ಲ ಮಗ, ಅಷ್ಟು ದೂರ ಕಳಿಸಿದ್ವಲ್ಲ, ನಮ್ಮ ನೀರಿನ ಮಾತು ಎತ್ತಲೇ ಇಲ್ವಾ?" ಅಂತ ಕೇಳ್ತಾರೆ. ಆ ಮಾತಿಗೆ ಯಾವ ಮಂತ್ರಿಯ ಹತ್ತಿರವೂ ಬರೆದಿಟ್ಟ ಉತ್ತರ ಇರೋದಿಲ್ಲ. ಮುಂದಿನ ಸಲ ಹಾರ ಹಿಡಕೊಂಡು ಬರೋರ ಮುಂದೆ ನಮ್ಮವ್ವಂದಿರೇ ಆ ಪುಸ್ತಕ ಬಿಚ್ಚಿ ಹಿಡಿಯಲಿ.

ಜೈ ಭೀಮ್.